ನಕ್ಷೆಯಲ್ಲಿ ಬಿಳಿಯಾಗಿ ಉಳಿದ ಊರು

"ಕಾಯಿಲೆ ಜಾಸ್ತಿ ಇರುವ ಊರಿಗೆ ನಕ್ಷೆಯಲ್ಲಿ ಕೆಂಪು ಹಚ್ಚಿ, ಅಲ್ಲೇ ಆಸ್ಪತ್ರೆ ಕಟ್ಟಿಸಿದರೆ ಆಯ್ತಲ್ಲ, ಚರ್ಚೆ ಯಾಕೆ?" ಅಂತ ಬರೆದಿದ್ದೀರಿ. ಮನೆಮನೆಯ ವಿವರವನ್ನೂ ಎಲ್ಲರಿಗೂ ಕಾಣುವ ಹಾಗೆ ಹಾಕಲಿ ಅಂದಿದ್ದೀರಿ.

ನಕ್ಷೆ ಬೇಕು, ಒಪ್ಪಿದೆ. ಆದರೆ ನನಗೆ ಭಯ ಕೆಂಪಿನದ್ದಲ್ಲ, ಬಿಳಿ ಜಾಗದ್ದು. ಈ ಲೆಕ್ಕ ಹೆಚ್ಚಾಗಿ ಬರುವುದು ಆಸ್ಪತ್ರೆಯ ರಿಜಿಸ್ಟರಿನಿಂದ. ಅಲ್ಲಿಗೆ ಹೋಗಲಾಗದೆ ಮನೆಯಲ್ಲೇ ಮಲಗಿದವರು, ಪರೀಕ್ಷೆಯನ್ನೇ ಮಾಡಿಸದವರು ಅದರಲ್ಲಿ ಇರುವುದೇ ಇಲ್ಲ. ಅವರ ಊರು ನಕ್ಷೆಯಲ್ಲಿ ಗಟ್ಟಿಮುಟ್ಟಾಗಿ ಕಾಣುತ್ತದೆ! ಪಟ್ಟಣದ ನೆಂಟರ ವಿಳಾಸ ಕೊಟ್ಟು ದಾಖಲಾದವರ ಕಾಯಿಲೆಯಂತೂ ಪಟ್ಟಣದ ಲೆಕ್ಕಕ್ಕೇ ಜಮಾ.

1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂದಾಗ ಡಾಕ್ಟರ್ ಜಾನ್ ಸ್ನೋ ಸಾವುಗಳನ್ನು ನಕ್ಷೆಯಲ್ಲಿ ಗುರುತು ಮಾಡಿದ್ದು, ಅವು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಗುಂಪುಗೂಡಿದ್ದು ನಿಮಗೆ ಗೊತ್ತಿರಬಹುದು. ನನಗೆ ಹಿಡಿಸಿದ್ದು ಆ ಕತೆಯ ಇನ್ನೊಂದು ತುದಿ. ಪಂಪಿನ ಹತ್ತಿರವೇ ಒಂದು ಬಿಯರ್ ಕಾರ್ಖಾನೆ, 70ಕ್ಕೂ ಹೆಚ್ಚು ಕೆಲಸಗಾರರು, ಒಬ್ಬರೂ ಸತ್ತಿರಲಿಲ್ಲ. ಸ್ನೋ ಸುಮ್ನೆ ಬಿಡಲಿಲ್ಲ, ಹೋಗಿ ಕೇಳಿದರು. ಅವರಿಗೆ ಕುಡಿಯಲು ಬಿಯರ್ ಸಿಗುತ್ತಿತ್ತು, ಪಂಪಿನ ನೀರು ಬೇಕಿರಲಿಲ್ಲ! ಖಾಲಿ ಜಾಗಕ್ಕೂ ಒಂದು ಕಾರಣ ಇತ್ತು, ಅಲ್ವಾ?

ಇನ್ನು ದೂರ. ನಕ್ಷೆಯ ಮೇಲೆ ಸ್ಕೇಲ್ ಇಟ್ಟು 5 ಕಿಲೋಮೀಟರ್ ಅಂದುಬಿಡುತ್ತಾರೆ. ನಡುವೆ ಹೊಳೆ ಇದೆ, ಸೇತುವೆ ಇಲ್ಲ, ಬಸ್ಸು ದಿನಕ್ಕೊಂದು ಅಂದರೆ ಹೆರಿಗೆ ನೋವು ಬಂದವಳಿಗೆ ಅದು ಮೂರು ಗಂಟೆಯ ದಾರಿ. 2020ರಲ್ಲಿ ಸಂಶೋಧಕರು ಇಡೀ ಪ್ರಪಂಚಕ್ಕೆ ಹೀಗೆ ಸಮಯದ ಲೆಕ್ಕ ಹಾಕಿದರು. ವಾಹನ ಇದ್ದರೂ ಒಂದು ಗಂಟೆಯೊಳಗೆ ಆಸ್ಪತ್ರೆಯನ್ನೋ ಕ್ಲಿನಿಕ್ಕನ್ನೋ ಮುಟ್ಟಲಾಗದವರು ಸುಮಾರು ಶೇ. 9. ನಡೆದೇ ಹೋಗಬೇಕು ಅಂದರೆ ಶೇ. 43! ವಾಹನ ಯಾರ ಹತ್ತಿರ ಇದೆ ಅಂತ ಕೇಳದೆ ಮೊದಲ ಸಂಖ್ಯೆಯನ್ನಷ್ಟೇ ತೋರಿಸುವವರನ್ನು ನಾನು ನಂಬುವುದಿಲ್ಲ. ಅಂಥ ಊರಿಗೆ ಬೇಕಿರುವುದು ಆಸ್ಪತ್ರೆಯೋ ಸೇತುವೆಯೋ, ಅದನ್ನೂ ನೋಡಬೇಕು.

ಕೆಂಪನ್ನೂ ಕಣ್ಣುಮುಚ್ಚಿ ನಂಬಬೇಡಿ. 200 ಜನರ ಹಳ್ಳಿಯಲ್ಲಿ ವರ್ಷಕ್ಕೆ ಒಂದು ಸಾವು ಎರಡಾದರೆ "ದುಪ್ಪಟ್ಟು" ಅಂತ ಊರಿಗೆ ಊರೇ ಕೆಂಪಾಗುತ್ತದೆ. ಅದಕ್ಕೇ ನಾಲ್ಕೈದು ವರ್ಷದ ಲೆಕ್ಕ ಸೇರಿಸಿ ನೋಡುವುದು.

ಮನೆಮನೆಯ ವಿವರದ ಮಾತು ಮಾತ್ರ ನಾನು ಒಪ್ಪಲಾರೆ. ಇಪ್ಪತ್ತು ಮನೆಯ ಕೇರಿಯಲ್ಲಿ ಎಚ್‌ಐವಿಗೆ ಒಂದು ಚುಕ್ಕೆ ಇಟ್ಟರೆ ಹೆಸರು ಬರೆದ ಹಾಗೇ. ಮುಂದಿನ ಸಲ ಆ ಮನೆಯವರು ಪರೀಕ್ಷೆಗೇ ಬರುವುದಿಲ್ಲ, ಬಂದರೂ ಬೇರೆ ಊರಿನ ವಿಳಾಸ ಬರೆಸುತ್ತಾರೆ, ಅವರ ಕೇರಿ ಮತ್ತೆ ಬಿಳಿ.