ಸಂದರ್ಶನವಾದ ಮೇಲೆ ಉತ್ತರ ಬರುವವರೆಗೆ ತಾಳ್ಮೆಯಿಂದ ಇರುವುದು ಹೇಗೆ?

ಹನ್ನೊಂದು ಕಡೆ ಅರ್ಜಿ ಹಾಕಿ, ಎರಡು ಕಡೆ ಸಂದರ್ಶನ ಕೊಟ್ಟು, ಮೂರು ವಾರ ಕಳೆದರೂ ಉತ್ತರವಿಲ್ಲ, ತಾಳ್ಮೆ ಉಳಿಸಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಹೀಗೆಯೇ ಕಾದವನು ನಾನು.

ಅಲ್ಲಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ (ಲೋಹದ ಎರಕದ ಕಾರ್ಖಾನೆ) ನನ್ನ ಸಂದರ್ಶನ ಚೆನ್ನಾಗಿಯೇ ಆಗಿತ್ತು. ‘ತಿಳಿಸುತ್ತೇವೆ’ ಎಂದವರು ಏಳು ವಾರ ಏನನ್ನೂ ತಿಳಿಸಲಿಲ್ಲ. ಒಮ್ಮೆ ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನಲ್ಲಿ ನಿಂತಿದ್ದಾಗ ಫೋನ್ ಬಂತೆಂದು ಅವಸರದಲ್ಲಿ ಹೆಲ್ಮೆಟ್ ಕಳಚಿ, ಕನ್ನಡಕ ಬೀಳಿಸಿಕೊಂಡು ಮಾತನಾಡಿದರೆ, ಅತ್ತ ಕಡೆಯವರು ಸಾಲ ಬೇಕೇ ಎಂದು ಕೇಳುತ್ತಿದ್ದರು. ಅಷ್ಟರಲ್ಲಿ ಗೇಟು ತೆರೆದು, ಹಿಂದಿನವರೆಲ್ಲ ಹಾರ್ನ್ ಹೊಡೆಯತೊಡಗಿದ್ದರು. ರಾತ್ರಿ ಮಲಗಿದರೂ ಸಂದರ್ಶನದಲ್ಲಿ ಕೊಟ್ಟ ಉತ್ತರಗಳನ್ನೇ ಮಗುಚಿ ಹಾಕುತ್ತ, ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದೆ.

ಕೊನೆಗೆ ಕೆಲಸ ಸಿಕ್ಕಿದ್ದು ಅಲ್ಲಿಯೇ. ಸೇರಿದ ಕೆಲವು ತಿಂಗಳ ಮೇಲೆ ತಡವಾದದ್ದರ ಕಾರಣ ತಿಳಿಯಿತು: ಪಂಪಿನ ಬಿಡಿಭಾಗಗಳ ಒಂದು ಆರ್ಡರ್ ಖಚಿತವಾಗದೆ ಎರಡನೆಯ ಪಾಳಿಯನ್ನು ಆರಂಭಿಸುವಂತಿರಲಿಲ್ಲ, ಆ ಪಾಳಿ ಇಲ್ಲದೆ ಹೊಸಬರಿಗೆ ಕೆಲಸವಿರಲಿಲ್ಲ. ನನ್ನ ಅರ್ಜಿಯನ್ನು ಯಾರೂ ತಿರಸ್ಕರಿಸಿರಲಿಲ್ಲ, ಯಾರೂ ಒಪ್ಪಿಯೂ ಇರಲಿಲ್ಲ. ಅದು ಡ್ರಾಯರಿನಲ್ಲಿ ಬಿದ್ದಿತ್ತು, ಅಷ್ಟೆ. ಬೇರೆ ಕಡೆ, ಮೊದಲು ಆಯ್ಕೆಯಾದವರು ಹಳೆಯ ಕಂಪನಿಯ ನೋಟಿಸ್ ಅವಧಿಯನ್ನು (ಕೆಲವೆಡೆ ಅದು 90 ದಿನ) ಮುಗಿಸಿ ಬರುತ್ತಾರೋ ಇಲ್ಲವೋ ಎಂಬುದು ಗೊತ್ತಾಗುವವರೆಗೆ ಎರಡನೆಯವರಿಗೆ ಇಲ್ಲವೆಂದೂ ಹೇಳದೆ ಇರಿಸಿಕೊಳ್ಳುವುದುಂಟು. ಇದು ಸರಿಯಾದ ಪದ್ಧತಿಯೆಂದು ನಾನು ಒಪ್ಪಲಾರೆ, ಒಂದು ಸಾಲಿನ ಉತ್ತರಕ್ಕೆ ಯಾರ ಗಂಟೂ ಹೋಗುವುದಿಲ್ಲ. ಆದರೂ ಆ ಮೌನದಲ್ಲಿ ನಿಮ್ಮ ತಪ್ಪನ್ನೇ ಹುಡುಕುತ್ತ ಕೂರಬೇಡಿ.

ನನಗೆ ನೆರವಾದದ್ದು ತಾರೀಖು. ಸಂದರ್ಶನದಿಂದ ಏಳುವ ಮುನ್ನವೇ ‘ಯಾವಾಗಿನೊಳಗೆ ತಿಳಿಯಬಹುದು’ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಆ ದಿನ ಕಳೆದು ಎರಡು ದಿನವಾದ ಮೇಲೆ ಹುದ್ದೆಯ ಹೆಸರು, ಸಂದರ್ಶನದ ದಿನಾಂಕಗಳನ್ನಷ್ಟೇ ತಿಳಿಸಿ ನಾಲ್ಕು ಸಾಲಿನ ಇಮೇಲ್ ಕಳಿಸಿ. ಹತ್ತು ದಿನ ಬಿಟ್ಟು ಇನ್ನೊಂದು. ಅದಕ್ಕೂ ಉತ್ತರ ಬಾರದಿದ್ದರೆ ಆ ಹೆಸರಿನ ಮೇಲೆ ಗೀಟು ಎಳೆದು ಹೊಸ ಅರ್ಜಿ ಹಾಕಿ. ಸ್ಪ್ಯಾಮ್ ಫೋಲ್ಡರನ್ನು ದಿನಕ್ಕೊಮ್ಮೆ ನೋಡಿದರೆ ಸಾಕು. ನೇಮಕಾತಿ ಪತ್ರಕ್ಕೆ ಮುಂಗಡ ಹಣ ಕೇಳುವವರು ಯಾರೇ ಆಗಿರಲಿ, ಅಲ್ಲಿಗೇ ಮಾತು ನಿಲ್ಲಿಸಿ. ಕಾದು ಬೇಸತ್ತವರನ್ನೇ ಅವರು ಹುಡುಕುವುದು.

ಕೈ ಖಾಲಿಯಿದ್ದರೆ ತಾಳ್ಮೆಯೂ ಬೇಗ ಕರಗುತ್ತದೆ. ಉತ್ತೀರ್ಣರಾಗಿ 180 ದಿನವಾದರೂ ಕೆಲಸ ಸಿಗದ ಅರ್ಹರಿಗೆ ರಾಜ್ಯದ ಯುವನಿಧಿ ಯೋಜನೆಯಲ್ಲಿ ಪದವಿಗೆ ತಿಂಗಳಿಗೆ 3,000, ಡಿಪ್ಲೊಮಾಕ್ಕೆ 1,500 ರೂಪಾಯಿಯಂತೆ ಹೆಚ್ಚೆಂದರೆ ಎರಡು ವರ್ಷ ಭತ್ಯೆ ಇದೆ. ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ನಿಯಮ ಓದಿ ಅರ್ಜಿ ಹಾಕಬಹುದು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಸಹಿತ ತರಬೇತಿಯೂ ದೊರೆಯುತ್ತದೆ, ಆದರೆ ಅದನ್ನು ಪಡೆಯುವಾಗ ಯುವನಿಧಿ ಸಿಗದು. ನನ್ನನ್ನು ಕೇಳಿದರೆ ತರಬೇತಿಯೇ ಮೇಲು, ಏಕೆಂದರೆ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗವಿರುತ್ತದೆ.

ಬರೆದಿಟ್ಟುಕೊಂಡ ತಾರೀಖನ್ನು ಮನೆಯವರಿಗೂ ಹೇಳಿಬಿಡಿ. ‘ಏನಾರ ಸುದ್ದಿ ಬಂತೇನೋ?’ ಎಂದು ದಿನವೂ ಕೇಳುತ್ತಿದ್ದ ನಮ್ಮವ್ವ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ, ಅಲ್ಲಿಯವರೆಗೆ ಕೇಳುವುದನ್ನು ಬಿಟ್ಟಳು. ಆ ದಿನ ಮಾತ್ರ ಬೆಳಿಗ್ಗೆ ಚಹಾ ಕೊಡುವಾಗಲೇ ಕೇಳಿದಳು.