ಮೌಂಟನ್ ಬೈಕಿನ ಮುಂದಿನ ಚಕ್ರ ಎತ್ತಲು ಬರುತ್ತದೆ, ಆದರೆ ಎರಡು ತುಳಿತದಲ್ಲೇ ಕೆಳಗಿಳಿಯುತ್ತದೆ. ನನ್ನ ತೋಳಿಗೆ ಬಲ ಸಾಲದೇ?

ತೋಳಿಗೂ ಇದಕ್ಕೂ ಹೆಚ್ಚಿನ ಸಂಬಂಧವಿಲ್ಲ. ನಮ್ಮ ಬಡಾವಣೆಯ ಹುಡುಗರಿಗೆ ವ್ಹೀಲಿ (ಮುಂದಿನ ಚಕ್ರ ಎತ್ತಿ ಹಿಂದಿನದರ ಮೇಲೇ ಸಾಗುವುದು) ಹೇಳಿಕೊಡುವಾಗ ನಾನು ಕಂಡಂತೆ, ಚಕ್ರ ಬೇಗ ಇಳಿಯುವುದು ಹಿಂದಕ್ಕೆ ಬೀಳುವ ಭಯದಿಂದ. ಮೈಭಾರ ಹಿಂದಿನ ಚಕ್ರದ ನೇರಕ್ಕೆ ಬರುವ ಮೊದಲೇ ಸವಾರ ಮುಂದಕ್ಕೆ ಬಾಗುತ್ತಾನೆ. ಭಯಕ್ಕೆ ಮದ್ದು ಹಿಂದಿನ ಬ್ರೇಕ್. ಆದ್ದರಿಂದ ಎತ್ತುವುದಕ್ಕಿಂತ ಮೊದಲು ಇಳಿಸುವುದನ್ನು ಕಲಿಯಿರಿ.

ಹಿಂದಿನ ಬ್ರೇಕ್ ಯಾವ ಕೈಯಲ್ಲಿದೆ ಎಂದು ಖಚಿತಪಡಿಸಿಕೊಳ್ಳಿ. ಎಲ್ಲ ಸೈಕಲ್‌ಗಳಲ್ಲೂ ಒಂದೇ ಬದಿಗೆ ಇರುವುದಿಲ್ಲ. ತೋರುಬೆರಳು ಸದಾ ಆ ಲಿವರ್ ಮೇಲಿರಲಿ. ತುಸು ಏರು ಇರುವ ಹುಲ್ಲಿನ ಮೈದಾನದಲ್ಲಿ, ನಡಿಗೆಗಿಂತ ಸ್ವಲ್ಪ ಹೆಚ್ಚಿನ ವೇಗದಲ್ಲಿ, ಬೇಕೆಂದೇ ಅತಿಯಾಗಿ ಎತ್ತಿ ಬ್ರೇಕ್ ಒತ್ತಿ. ನೆಲ ಟೈರನ್ನು ಹಿಂದಕ್ಕೆ ಹಿಡಿದೆಳೆಯುತ್ತದೆ, ಮೇಲಿನ ಮೈ ಮುಂದಕ್ಕೇ ಸಾಗಲು ನೋಡುತ್ತದೆ, ಮುಂಭಾಗ ತಾನಾಗಿ ಇಳಿಯುತ್ತದೆ. ಇದನ್ನೇ ಬೇಸರವಾಗುವಷ್ಟು ಮಾಡಿ. ಕೈ ತಪ್ಪಿದರೂ ಹಿಂದಕ್ಕೆ ಜಿಗಿದು ಕಾಲೂರಿ ನಿಲ್ಲಬಹುದು; ಅದಕ್ಕೇ ಷೂ ಸಿಕ್ಕಿಸುವ ಪೆಡಲ್ ಬೇಡ, ಚಪ್ಪಟೆಯದೇ ಇರಲಿ. ಹೆಲ್ಮೆಟ್ ಬಗ್ಗೆ ಚರ್ಚೆಯೇ ಇಲ್ಲ.

ಸೀಟನ್ನು ಮಾಮೂಲಿಗಿಂತ ಸ್ವಲ್ಪ ತಗ್ಗಿಸಿ. ಮುಂದೆ 32 ಹಲ್ಲಿನ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ) ಇದ್ದರೆ ಹಿಂದೆ 20ರಿಂದ 24 ಹಲ್ಲಿನ ಗೇರ್ ಸಾಕು. ಹಿಂದೆ ಹಲ್ಲು ಹೆಚ್ಚಾಗಿ ಗೇರ್ ಅದಕ್ಕಿಂತ ಹಗುರವಾದರೆ ಚಕ್ರ ಥಟ್ಟನೆ ಏಳುತ್ತದೆ, ಆದರೆ ಮರುಕ್ಷಣ ಕಾಲು ಬರಿದೇ ತಿರುಗತೊಡಗುತ್ತದೆ. ನಿಮ್ಮ ಎರಡು ತುಳಿತದ ಸಮಸ್ಯೆಯಲ್ಲಿ ಇದರ ಪಾಲೂ ಇರಬಹುದು. ಬಲಗಾಲು ಮೊದಲಾದರೆ, ಪೆಡಲ್ ಗಡಿಯಾರದ ಒಂದು–ಎರಡು ಗಂಟೆಯ ನಡುವೆ ಬಂದಾಗ ಜೋರಾಗಿ ತುಳಿದು, ಅದೇ ಹೊತ್ತಿಗೆ ಭುಜಗಳನ್ನು ಹಿಂದಕ್ಕೆ ಒಯ್ಯಿರಿ. ತೋಳು ನೆಟ್ಟಗಿರಲಿ. ಹ್ಯಾಂಡಲನ್ನು ಎದೆಗೆ ಎಳೆದುಕೊಂಡರೆ ಮೈ ಮುಂದಕ್ಕೇ ಬರುತ್ತದೆ, ಮಾಡಿದ್ದೆಲ್ಲ ವ್ಯರ್ಥ.

ಸಮತೋಲನದ ಬಿಂದು ಎಲ್ಲರೂ ಊಹಿಸುವುದಕ್ಕಿಂತ ಹಿಂದಿರುತ್ತದೆ. ಅಲ್ಲಿಗೆ ತಲುಪಿದಾಗ ಗುರುತು ಸಿಗುತ್ತದೆ: ಪೆಡಲ್ ಒಮ್ಮೆಲೇ ಹಗುರವಾಗುತ್ತದೆ, ಕೈಯ ಮೇಲೆ ಎಳೆತವೇ ಉಳಿಯುವುದಿಲ್ಲ. ಅಲ್ಲಿಂದಾಚೆ ಮುಂಭಾಗ ಕುಸಿದರೆ ತುಳಿತ, ಅತಿ ಎದ್ದರೆ ಬ್ರೇಕಿನ ಮೇಲೆ ಕೂದಲೆಳೆಯಷ್ಟು ಒತ್ತಡ. ಬ್ರೇಕನ್ನು ಗಬಕ್ಕನೆ ಹಿಡಿದರೆ ಚಕ್ರ ದೊಪ್ಪನೆ ಬೀಳುತ್ತದೆ. ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ದಾರಿಯ ಮೇಲಿರಲಿ.

ಪಕ್ಕಕ್ಕೆ ವಾಲುವುದು ಆಮೇಲಿನ ತಲೆನೋವು. ಎಡಕ್ಕೆ ವಾಲಿದರೆ ಬಲ ಮಂಡಿಯನ್ನು ಹೊರಗೆ ಚಾಚಿ, ಹ್ಯಾಂಡಲನ್ನು ತುಸು ಬಲಕ್ಕೆ ತಿರುಗಿಸಿ. ಚಕ್ರ ನೆಲ ಮುಟ್ಟುವ ಮುನ್ನ ಹ್ಯಾಂಡಲ್ ನೇರವಾಗಿರಬೇಕು, ಇಲ್ಲದಿದ್ದರೆ ಮುಗ್ಗರಿಸುತ್ತೀರಿ.

ನಿಮ್ಮದು 29 ಇಂಚಿನ ಚಕ್ರವಾದರೆ, 26 ಇಂಚಿನದಕ್ಕಿಂತ ಎತ್ತಲು ಸಾಮಾನ್ಯವಾಗಿ ಸ್ವಲ್ಪ ಹೆಚ್ಚು ಶ್ರಮ ಬೇಕು. ಡಿಸ್ಕ್ ಬದಲು ರಿಮ್ಮಿಗೆ ಒತ್ತುವ ಬ್ರೇಕ್ ಇದ್ದರೆ ಒದ್ದೆ ಹುಲ್ಲಿನಲ್ಲಿ ಅಭ್ಯಾಸ ಬೇಡ. ನೆನೆದ ರಿಮ್ ಮೇಲೆ ಅದು ತಡವಾಗಿ ಹಿಡಿಯುತ್ತದೆ, ಇಲ್ಲಿ ಅಷ್ಟು ತಡ ನಡೆಯುವುದಿಲ್ಲ.