ಬೆಲೆ ಹೇಳೋಕೆ ಬಾಯಿ ಬಾರದ ಟೀಚರ್

ಸುಮಾ ನನ್ನ ಹತ್ತಿರ ಬಂದದ್ದು ನಿದ್ದೆ ಬರಲ್ಲ ಅಂತ. (ಹೆಸರು, ಮನೆಯ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.) ಹುಬ್ಬಳ್ಳಿಯವರು, ನಲವತ್ತು ದಾಟಿದ್ದಾರೆ, ಖಾಸಗಿ ಶಾಲೆಯಲ್ಲಿ ಟೀಚರ್. ತಲೆನೋವು ಅಂತ ತೋರಿಸಿದಾಗ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಏನೂ ತೊಂದರೆ ಇಲ್ಲ, ಒಮ್ಮೆ ಆಪ್ತಸಲಹೆಗೆ ಹೋಗಿ ಅಂದಿದ್ದರು. ಮಾತಾಡುತ್ತಾ ಹೋದ ಹಾಗೆ ಒಂದೊಂದೇ ಹೊರಗೆ ಬಂತು. ಮಗಳು ಪಿಯುಸಿಗೆ ಬಂದಿದ್ದಾಳೆ. ಗಂಡನ ಪಗಾರ ಕೆಲವು ತಿಂಗಳು ತಡವಾಗುತ್ತದೆ. ಇವರ ಸಂಬಳ ಕೈಗೆ ಬರುವ ಮೊದಲೇ ಖರ್ಚಿನ ಲೆಕ್ಕ ಮುಗಿದಿರುತ್ತದೆ. ಸೈಡ್ ಬಿಸಿನೆಸ್ ಏನಾದರೂ ಮಾಡಬೇಕು ಅಂತ ಒಂದು ವರ್ಷದಿಂದ ತಲೆಯಲ್ಲಿ ಓಡುತ್ತಿದೆ.

"ಶುರುನ ಆಗವಲ್ದ್ರಿ ಮೇಡಂ," ಅಂದರು.

ಕೇಳಿದರೆ, ಶುರು ಯಾವತ್ತೋ ಆಗಿತ್ತು! ಭಾನುವಾರ ಬಂದರೆ ಮನೆಯಲ್ಲಿ ಶೇಂಗಾ ಹುರಿಯುವ ಕೆಲಸ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಹಬ್ಬ ಬಂದರೆ ಶೇಂಗಾ ಹೋಳಿಗೆ. ವಾರಗಿತ್ತಿ, ನಾದಿನಿ, ಸ್ಟಾಫ್ ರೂಮಿನವರು, ಎಲ್ಲರೂ ಒಯ್ಯುತ್ತಿದ್ದರು. ಕೆಲವರು ಕಾಲು ಕೆಜಿಗೆ ಐವತ್ತು ರೂಪಾಯಿ ಕೊಡುತ್ತಿದ್ದರು. ಕೆಲವರದು ಉದ್ರಿ. ಉಳಿದವರು ಕೊಡುತ್ತಿದ್ದದ್ದು "ಭಾಳ ಛಲೋ ಆಗೇತಿ" ಅನ್ನುವ ಮಾತು ಮಾತ್ರ.

"ಬಳಗದವರ ಹತ್ರ ರೊಕ್ಕ ಹೆಂಗ ಕೇಳೂದ್ರಿ? ನಾಳೆ ಮಾತು ಬರ್ತಾವ."

ಇಂಥವರಿಗೆ "ನಿಮಗೆ ಆತ್ಮವಿಶ್ವಾಸ ಕಡಿಮೆ" ಅಂತ ಹೇಳುವವರು ಬಹಳ ಜನ ಇದ್ದಾರೆ. ನಾನು ಹೇಳಲಿಲ್ಲ. ನಲವತ್ತು ಮಕ್ಕಳ ಕ್ಲಾಸನ್ನು ಒಂದು ನೋಟದಲ್ಲಿ ಸುಮ್ಮನಾಗಿಸುವವರಿಗೆ ಧೈರ್ಯ ಕಡಿಮೆ ಅಂದರೆ ಯಾರು ನಂಬುತ್ತಾರೆ? ಅವರಿಗೆ ಇದ್ದದ್ದು ಸಂಬಂಧ ಕೆಡುವ ಭಯ. ಆ ಭಯ ಸುಳ್ಳೂ ಅಲ್ಲ. ಅದಕ್ಕೇ ಮೊದಲು ಭಯದ ತಂಟೆಗೆ ಹೋಗದೆ, ತಕ್ಕಡಿಯಿಂದ ಶುರು ಮಾಡಿದೆ. ಮುಂದಿನ ಭಾನುವಾರ ಒಂದು ಕೆಜಿ ಶೇಂಗಾದ ಚಟ್ನಿ ಮಾಡಿ, ಒಳಗೆ ಬಿದ್ದ ಪ್ರತಿಯೊಂದನ್ನೂ ತೂಗಿ ಬರೆದುಕೊಂಡು ಬನ್ನಿ ಅಂದೆ. ಮನೆಯಲ್ಲೇ ಇತ್ತು ಅಂತ ಯಾವುದನ್ನೂ ಬಿಡಬಾರದು.

ಬರೆದು ತಂದರು. ಶೇಂಗಾ 150 ರೂಪಾಯಿ. ಬ್ಯಾಡಗಿ ಮೆಣಸಿನಕಾಯಿ ಪುಡಿ 50. ಬೆಳ್ಳುಳ್ಳಿ 20. ಜೀರಿಗೆ, ಉಪ್ಪು 10. ಗ್ಯಾಸು, ಕರೆಂಟು 10. ಕವರು, ಲೇಬಲ್ಲು 20. ಒಟ್ಟು 260. ಹುರಿದು ಸಿಪ್ಪೆ ತೆಗೆದ ಮೇಲೆ ಶೇಂಗಾ ತೂಕ ಇಳಿಯುತ್ತದೆ, ಮಸಾಲೆ ಸೇರಿ ಮತ್ತೆ ಏರುತ್ತದೆ. ಹತ್ತಿರ ಹತ್ತಿರ ನಾಲ್ಕು ಪ್ಯಾಕೆಟ್. ಅಂದರೆ ಕಾಲು ಕೆಜಿಗೆ ಬರೀ ಸಾಮಾನಿನ ಖರ್ಚೇ 65 ರೂಪಾಯಿ. ಇವರು ತೆಗೆದುಕೊಳ್ಳುತ್ತಿದ್ದದ್ದು 50.

ಸುಮಾ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಅಂದ್ರ ನಾನ ಕೈಯಿಂದ ಹಾಕಿ ಮಾರೀನಿ," ಅಂದರು. ದುಡಿದ ಹೊತ್ತನ್ನು ಇನ್ನೂ ಸೇರಿಸಿರಲೇ ಇಲ್ಲ.

ಬೆಲೆ 100 ಅಂತ ಗೊತ್ತು ಮಾಡಿದೆವು. ಕಾಗದದ ಮೇಲೆ ಅದು ಸುಲಭ. ನನ್ನ ಮುಂದೆ ಹೇಳಿ ನೋಡಿ, ನಾನೇ ಗಿರಾಕಿ ಅಂದೆ. "ಕಾಲು ಕೆಜಿ ನೂರು ರೂಪಾಯಿ ರೀ," ಅಂದವರು ಅದೇ ಉಸಿರಿಗೆ, "ಇಲ್ಲಾಂದ್ರ ಎಂಬತ್ತ ಕೊಡ್ರಿ, ನಡೀತೈತಿ," ಅಂದುಬಿಟ್ಟರು. ನಾನು ಚೌಕಾಸಿ ಮಾಡಿಯೇ ಇರಲಿಲ್ಲ! ಮನೆಯಲ್ಲೇ ಶುರುವಾಗುವ ವ್ಯಾಪಾರಗಳಲ್ಲಿ ಇದು ತುಂಬಾ ಕಾಣುವ ವಿಷಯ. ಗಿರಾಕಿಗಿಂತ ಮೊದಲು ಮಾರುವವರೇ ಇಳಿಸಿಬಿಡುತ್ತಾರೆ. ಹಾಗಾಗಿ ನಾವು ಅಭ್ಯಾಸ ಮಾಡಿದ್ದು ಬೆಲೆ ಹೇಳುವುದನ್ನಲ್ಲ, ಹೇಳಿದ ಮೇಲೆ ಸುಮ್ನೆ ಇರುವುದನ್ನು. ನಗು ಬಂದರೂ ಸರಿ, ಮುಜುಗರ ಆದರೂ ಸರಿ, ಮುಂದಿನ ಮಾತು ಗಿರಾಕಿಯದೇ ಆಗಬೇಕು.

ಬಳಗದ ವಿಷಯಕ್ಕೆ ನನ್ನ ಸಲಹೆ ನೇರವಾಗಿತ್ತು. ಹೊಸ ಬೆಲೆಯನ್ನು ಮೊದಲು ಅವರ ಮೇಲೆ ಪ್ರಯೋಗಿಸಬೇಡಿ. ಪರಿಚಯ ಇಲ್ಲದವರಿಗೆ ಮಾರಿ. ಪಿಜಿಗಳಲ್ಲಿ ಇರುವ ಹುಡುಗಿಯರು, ಬೆಂಗಳೂರಲ್ಲಿ ಕೆಲಸ ಮಾಡುವ ನಿಮ್ಮ ಕಡೆಯ ಹುಡುಗರು, ರೊಟ್ಟಿ ಮಾರುವ ಖಾನಾವಳಿ. ಅವರು ನೂರು ಕೊಟ್ಟು ಮತ್ತೆ ಕೇಳಿದ ಮೇಲೆ, ನಿಮ್ಮ ಬಾಯಲ್ಲೂ ಆ ಬೆಲೆ ನಿಲ್ಲುತ್ತದೆ. ಬಳಗಕ್ಕೆ ದೀಪಾವಳಿಗೊಂದು ಪ್ಯಾಕೆಟ್ ಪ್ರೀತಿಯಿಂದ ಕೊಡಿ, ಉಳಿದದ್ದಕ್ಕೆ ದುಡ್ಡು. ಉದ್ರಿ ಬೇಡವೇ ಬೇಡ. ಇನ್ನೊಂದು ಮಾತು ಒತ್ತಿ ಹೇಳಿದೆ: ನಿಮ್ಮ ಕ್ಲಾಸಿನ ಮಕ್ಕಳ ಅಪ್ಪ ಅಮ್ಮಂದಿರಿಗೆ ಮಾರಬೇಡಿ. ಟೀಚರ್ ಕೇಳಿದರೆ ಅವರು ಬೇಡ ಅನ್ನೋಕೆ ಆಗಲ್ಲ. ನೇಮಕಾತಿ ಪತ್ರದಲ್ಲಿ ಬೇರೆ ಕೆಲಸದ ಬಗ್ಗೆ ಏನಿದೆ ಓದಿ, ಹೆಡ್ ಮೇಡಂಗೆ ಮೊದಲೇ ತಿಳಿಸಿ ಅಂದೆ.

ಕಾಗದ ಪತ್ರದ ಹೆದರಿಕೆಯೂ ಇತ್ತು. ಯಾರೋ ಏಜೆಂಟ್ 3,000 ರೂಪಾಯಿ ಕೇಳಿದ್ದನಂತೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಗೆ ಆಗ ವರ್ಷಕ್ಕೆ 12 ಲಕ್ಷದ ಒಳಗಿನ ವಹಿವಾಟು ಇದ್ದರೆ ಶುಲ್ಕ ವರ್ಷಕ್ಕೆ 100 ರೂಪಾಯಿ. ಆನ್‌ಲೈನಲ್ಲಿ ಮಗಳೇ ಅರ್ಜಿ ಹಾಕಿದಳು. ಬಂದ 14 ಅಂಕಿಯ ನಂಬರು, ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಏನೇನು ಹಾಕಿದೆ, ಎಲ್ಲ ಲೇಬಲ್ಲಿನ ಮೇಲೆ ಬರಬೇಕು. ಶೇಂಗಾ ಇದೆ ಅನ್ನುವುದು ಎದ್ದು ಕಾಣಬೇಕು, ಕೆಲವರಿಗೆ ಅದು ಆಗಿಬರಲ್ಲ. ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿಯಾದ ಉದ್ಯಮ್‌ಗೆ ಶುಲ್ಕವೇ ಇಲ್ಲ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಯವರಿಗೆ ತೆರಿಗೆ ನೋಟಿಸ್ ಬಂದಿತ್ತಲ್ಲ, ಬೆಂಗಳೂರಲ್ಲಿ ಎಷ್ಟೋ ಜನ ಕ್ಯೂಆರ್ ಕೋಡ್ ಕಿತ್ತುಹಾಕಿ "ನಗದು ಮಾತ್ರ" ಅಂತ ಬರೆದಿದ್ದರು. ಇದಾದ ಸ್ವಲ್ಪ ದಿನಕ್ಕೇ ಸುಮಾ ಬಂದದ್ದು. ಫೋನ್‌ಪೇ ಅಂದರೆ ಹೆದರುತ್ತಿದ್ದರು. ರಾಜ್ಯದೊಳಗೇ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ನಿಮ್ಮದು ತಿಂಗಳಿಗೆ ಕೆಲವು ಸಾವಿರ. ಹೆದರುವುದರ ಬದಲು ಚಟ್ನಿ ದುಡ್ಡಿಗೇ ಬೇರೆ ಬ್ಯಾಂಕ್ ಖಾತೆ ಇಡಿ, ಒಂದು ನೋಟ್‌ಬುಕ್ ಇಡಿ ಅಂದೆ. ಚೀಟಿ ಎತ್ತಿ 40,000ದ ಗ್ರೈಂಡರ್ ತರುವ ಯೋಚನೆಯನ್ನು ಮಾತ್ರ ಕಡಾಖಂಡಿತವಾಗಿ ಬೇಡ ಅಂದೆ. ಸದ್ಯಕ್ಕೆ ಮನೆಯ ಮಿಕ್ಸರ್ ಸಾಕು.

ಕಷ್ಟದ ಮಾತು ಗಂಡನ ಜೊತೆಗಿನದು. ಇಬ್ಬರನ್ನೂ ಕೂರಿಸಿದೆ. ಅವರು ಜಗಳ ಮಾಡಲಿಲ್ಲ, ನೆಲ ನೋಡುತ್ತಾ ಅಂದರು: "ನನ್ನ ಪಗಾರದಾಗ ಮನಿ ನಡಿಯೂದಿಲ್ಲ ಅಂತ ಊರಿಗೆಲ್ಲ ಹೇಳಿದಂಗ ಆಗೂದಿಲ್ಲೇನ್ರಿ?" ಅದಕ್ಕೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ. ಕೇಳಿಸಿಕೊಂಡೆವು, ಅಷ್ಟೇ. ಆಮೇಲೆ ಅವರೇ ಇನ್ನೊಂದು ಹೇಳಿದರು: ಹೆಂಡತಿ ರಾತ್ರಿ ಹನ್ನೊಂದರವರೆಗೆ ಫೋನಲ್ಲಿ ಆರ್ಡರ್ ನೋಡುತ್ತಾ ಕೂರುವುದು ತಡೆಯಲಾಗುತ್ತಿಲ್ಲ ಅಂತ. ಇದನ್ನು ಸರಿಮಾಡಬಹುದಿತ್ತು. ಶುಕ್ರವಾರ ರಾತ್ರಿ ಎಂಟಕ್ಕೆ ಆರ್ಡರ್ ಬಂದ್, ಭಾನುವಾರ ಬೆಳಗ್ಗೆ ಕೆಲಸ, ಮಧ್ಯಾಹ್ನಕ್ಕೆ ಒಲೆ ಬಂದ್. ವಾರಕ್ಕೆ ಇಪ್ಪತ್ತು ಪ್ಯಾಕೆಟ್, ಅದರ ಮೇಲೆ ಒಂದೂ ಇಲ್ಲ. ಹೋಳಿಗೆ ವಾರದ ಪಟ್ಟಿಯಿಂದಲೇ ಹೊರಗೆ. ಅದಕ್ಕೆ ಒಲೆ ಮುಂದೆ ನಿಂತೇ ಇರಬೇಕು.

ಈಗ ಎಲ್ಲ ಸರಿಹೋಗಿದೆ ಅಂತ ಹೇಳಲಾರೆ. ವಾರವಾರವೂ ಇಪ್ಪತ್ತು ಪ್ಯಾಕೆಟ್ ಮಾರಿದರೆ ತಿಂಗಳಿಗೆ ಖರ್ಚು ಕಳೆದು 2,800 ರೂಪಾಯಿ ಉಳಿಯುತ್ತದೆ. ಮಗಳ ಟ್ಯೂಷನ್ ಫೀ ಅದರಲ್ಲೇ. ನಿದ್ದೆ ಪರವಾಗಿಲ್ಲ, ತಲೆನೋವು ಪೂರ್ತಿ ಹೋಗಿಲ್ಲ. ಗಂಡ ಪ್ಯಾಕೆಟ್ ಸೀಲ್ ಮಾಡಿಕೊಡುತ್ತಾರೆ, ಹೊರಗೆ ತಲುಪಿಸಲು ಮಾತ್ರ ಇನ್ನೂ ಒಪ್ಪಿಲ್ಲ. ವಾರಗಿತ್ತಿ ಮಾತು ಬಿಟ್ಟಿದ್ದಾರೆ. ಆ ಬೇಜಾರು ಸುಮಾಗೆ ಇದೆ, ಅದರ ಬಗ್ಗೆ ಇನ್ನೂ ಮಾತಾಡುತ್ತಿದ್ದೇವೆ.

ಮೊನ್ನೆ ಒಂದು ಕುಬಸಕ್ಕೆ (ಸೀಮಂತಕ್ಕೆ) ಇನ್ನೂರು ಶೇಂಗಾ ಹೋಳಿಗೆ ಆರ್ಡರ್ ಬಂದಿದೆ. ತಗೊಳ್ಳಲಾ ಅಂತ ಕೇಳಿದರು. ಅರ್ಧ ದುಡ್ಡು ಮುಂಗಡ ಬರುವವರೆಗೆ ಶೇಂಗಾ, ಬೆಲ್ಲ ತರಬೇಡಿ, ಹೋಳಿಗೆ ಬೇಯಿಸಲು ಕೂಲಿಗೆ ಒಬ್ಬರನ್ನು ಕರೆದು ಆ ದುಡ್ಡನ್ನೂ ಬೆಲೆಯಲ್ಲಿ ಹಿಡಿಯಿರಿ ಅಂದೆ. ಮುಂಗಡ ಕೇಳಿದ್ದಾರೆ. ಆ ಮನೆಯವರು ನೋಡಿ ಹೇಳ್ತೀವಿ ಅಂದಿದ್ದಾರಂತೆ.